ಹಗ್ಗ ಹಿಡಿದು ಬಂದ ಶೇರುದಾರಳು

ಗಯಾಬಾಯಿ ಮೊದಲ ಸಲ ನಮ್ಮ ಕಂಪನಿಗೆ ಬಂದ ದಿನ ಚಪ್ಪಲಿ ಹೊರಗೆ ಬಿಟ್ಟಳು, ಬಾಗಿಲ ಚೌಕಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಸೀದಾ ನನ್ನ ಮೇಜಿನ ಮುಂದೆ ಬಂದು ನಿಂತು ಕೇಳಿದಳು:

"ತಂಗಿ, ಕಂಪನಿ ಇವತ್ತ ಏನ್ ತಿಂದದ?"

ನಾನು ಟೈಪ್ ಮಾಡುವುದನ್ನು ನಿಲ್ಲಿಸಿ ನೋಡಿದೆ. ಹಸಿರು ಇಳಕಲ್ ಸೀರೆ, ಕಾಸಿನಗಲ ಕುಂಕುಮ, ಕಂಕುಳಲ್ಲಿ ಒಂದು ರೊಟ್ಟಿಯ ಗಂಟು. ಹುಚ್ಚಿಯ ಹಾಗೆ ಕಾಣಲಿಲ್ಲ. ಹುಚ್ಚಿಯಾಗಿದ್ದರೆ ಹೇಗಾದರೂ ಸಾಗಹಾಕಬಹುದಿತ್ತು.

"ಯಾರು ಬೇಕಾಗಿತ್ರಿ?" ಎಂದೆ.

"ಯಾರೂ ಬ್ಯಾಡ. ಇದರಾಗ ನಂದು ಪಾಲು ಅದ. ಹ್ಯಾಂಗ ಅದ ನೋಡಿ ಹೋಗಾಕ ಬಂದೇನಿ."

ಇದು ಸಾವಿರದ ಒಂಬೈನೂರ ಎಂಬತ್ತೊಂದರ ಮಾತು. ಹುಮನಾಬಾದಿನ ಬಸ್ ಸ್ಟ್ಯಾಂಡಿನಿಂದ ಹೆದ್ದಾರಿ ಹಿಡಿದು ಸ್ವಲ್ಪ ನಡೆದರೆ ಒಂದು ತಗಡಿನ ಶೆಡ್ಡು ಇತ್ತು. ಅದರ ಮೇಲೆ 'ಸ್ಥಿರಜ್ಯೋತಿ ಎಲೆಕ್ಟ್ರಾನಿಕ್ಸ್ ಲಿಮಿಟೆಡ್' ಎಂಬ ಬೋರ್ಡು. ಜ್ಯೋತಿಯೂ ಇರಲಿಲ್ಲ, ಸ್ಥಿರವೂ ಇರಲಿಲ್ಲ. ಆ ಬೋರ್ಡಿನಲ್ಲಿ ನಿಜವಾಗಿದ್ದ ಮಾತು ಲಿಮಿಟೆಡ್ ಒಂದೇ. ನಾವು ವೋಲ್ಟೇಜ್ ಸ್ಟೆಬಿಲೈಸರ್ ಮಾಡುತ್ತಿದ್ದೆವು. ಕರೆಂಟು ಏರಿದಾಗ ಇಳಿಸಿ, ಇಳಿದಾಗ ಏರಿಸಿ, ಮನೆಯ ಟಿವಿ ಫ್ರಿಜ್ಜು ಸುಡದ ಹಾಗೆ ಕಾಯುವ ಕಬ್ಬಿಣದ ಪೆಟ್ಟಿಗೆ ಅದು. ಊರಿನಲ್ಲಿ ಟಿವಿ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಕರೆಂಟು ಇರುವ ತಾಸುಗಳು ಅದಕ್ಕಿಂತ ಕಡಿಮೆ. ಇಲ್ಲದ ಕರೆಂಟನ್ನು ಏರಿಸುವುದು ಹೇಗೆ, ಇಳಿಸುವುದು ಹೇಗೆ ಎಂದು ಕೇಳುವ ಬುದ್ಧಿ ಕಂಪನಿ ಶುರು ಮಾಡುವಾಗ ಯಾರಿಗೂ ಬಂದಿರಲಿಲ್ಲ.

ಶುರು ಮಾಡಿದವನು ಬಸವಕಲ್ಯಾಣದ ಏಕನಾಥ. ಡಿಪ್ಲೊಮಾ ಮಾಡಿ, ಹೈದರಾಬಾದಿನಲ್ಲಿ ಒಂದಷ್ಟು ದಿನ ರೇಡಿಯೊ ರಿಪೇರಿ ಕಲಿತು ಬಂದವನು. ಒಳ್ಳೆಯ ಮನುಷ್ಯ, ಮೇ ತಿಂಗಳ ಬಿಸಿಲಿಗೂ ಟೈ ಕಟ್ಟುತ್ತಿದ್ದ. ಕಂಪನಿಯ ಅಧ್ಯಕ್ಷ ಅವನ ಮಾವ ಗುಂಡಪ್ಪ. ಬಸವಕಲ್ಯಾಣದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗುಂಡಪ್ಪನವರಿಗೆ ಸ್ಟೆಬಿಲೈಸರ್ ಎಂದರೆ ಏನೆಂದು ಕೊನೆಯವರೆಗೂ ಗೊತ್ತಾಗಲಿಲ್ಲ, ಅಳಿಯ ಬೇಸರಪಟ್ಟುಕೊಂಡಾನೆಂದು ಕೇಳಲೂ ಇಲ್ಲ. ತಂತಿ ಸುತ್ತುವ ಯಂತ್ರದ ಮುಂದೆ ಕೂರುವ ಮಿಸ್ತ್ರಿ ಲಾಲ್ ಅಹ್ಮದ್. ಟೈಪಿಸ್ಟು, ಗುಮಾಸ್ತೆ, ಕಸ ಹೊಡೆಯುವವಳು ಎಲ್ಲ ನಾನೇ. ನನ್ನ ಹೆಸರು ಸುಗಂಧಾ, ದಿನಾ ಮನ್ನಾಏಖೇಳ್ಳಿಯಿಂದ ಬಸ್ಸಿಗೆ ಬರುತ್ತಿದ್ದೆ.

ಗಯಾಬಾಯಿ ನಮ್ಮ ಪಾಲುದಾರಳಾದದ್ದು ಏಕನಾಥ ಘಾಟಬೋರಾಳಕ್ಕೆ ಶೇರು ಮಾರಲು ಹೋದಾಗ. ಹನುಮಂತ ದೇವರ ಕಟ್ಟೆಯ ಮೇಲೆ ನಿಂತು ಅವನು ಒಂದು ತಾಸು ಭಾಷಣ ಮಾಡಿದನಂತೆ. ಜನ ಆಕಳಿಸಿದರಂತೆ. ಕೊನೆಗೆ ಗಯಾಬಾಯಿ ಒಬ್ಬಳೇ ಎದ್ದು, "ಪಾಲು ಅಂತೀರಿ. ಸಾಕೋರು ಯಾರು?" ಎಂದು ಕೇಳಿದಳಂತೆ.

"ನಾವ ಸಾಕತೀವ್ರಿ," ಎಂದ ಏಕನಾಥ.

"ಒಡೆಯರು ಯಾರು?"

"ನೀವರಿ."

"ನಡುವ ಬಂದು ನೋಡಬಹುದೇನು?"

"ಯಾವಾಗ ಬೇಕಾದಾಗ ಬರ್ರಿ. ನಿಮ್ಮದ ಕಂಪನಿ."

ಈ ಮಾತು ಆಡಿ ಏಕನಾಥ ಕೆಟ್ಟ. ಘಾಟಬೋರಾಳದಲ್ಲಿ ಈ ಮಾತುಗಳಿಗೆ ಬೇರೆಯೇ ಒಂದು ಅರ್ಥವ್ಯವಸ್ಥೆ ಇದೆ ಎಂಬುದು ಅವನ ಡಿಪ್ಲೊಮಾದಲ್ಲಿ ಬಂದಿರಲಿಲ್ಲ. ನಮ್ಮ ಕಡೆ ಎಮ್ಮೆ ಇದ್ದು ಕೈ ಸಾಲದವರು ಅದನ್ನು ಬೇರೆ ಮನೆಗೆ ಪಾಲಿಗೆ ಕೊಡುತ್ತಾರೆ. ಸಾಕುವವರು ಮೇವು ಹಾಕಬೇಕು, ಮೈ ತೊಳೆಯಬೇಕು. ಮೊದಲ ಕರು ಸಾಕಿದವರದು, ಎರಡನೆಯ ಕರು ಒಡೆಯರದು. ಒಡೆಯರು ಹೇಳದೆ ಕೇಳದೆ ಯಾವ ಹೊತ್ತಿಗಾದರೂ ಬಂದು ಎಮ್ಮೆಯ ಪಕ್ಕೆ ಮುಟ್ಟಿ ನೋಡಬಹುದು. ಸಾಕುವವರ ಕೈ ಸೋತರೆ ಒಡೆಯರೇ ಹಗ್ಗ ಹಿಡಿದು ಮನೆಗೆ ಕರೆದೊಯ್ಯಬೇಕು, ಕಸಾಯಿಗೆ ಕೊಡುವಂತಿಲ್ಲ. ಕಷ್ಟಕಾಲದಲ್ಲಿ ಸಾಕಿದವರಿಗೆ ಅರ್ಧ ಪಾಲು ಬಿಡಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು.

ಗಯಾಬಾಯಿಯ ಎಮ್ಮೆಗಳು ಬೇಮಳಖೇಡದಲ್ಲಿ ಒಂದು, ಅಲ್ಲಿ ಒಂದು, ಇಲ್ಲಿ ಒಂದು ಎಂದು ಪಾಲಿಗೆ ಹೋಗಿದ್ದವು. ವಾರಕ್ಕೊಮ್ಮೆ ಅವುಗಳನ್ನೆಲ್ಲ ಸುತ್ತಿ ನೋಡಿ ಬರುವುದೇ ಅವಳ ಸಂಸಾರ. ಮನೆಯ ಕೊಟ್ಟಿಗೆಯಲ್ಲಿ ಉಳಿಸಿಕೊಂಡದ್ದು ಚಂದ್ರಿ ಒಂದನ್ನೇ. ಹಣೆಯ ಮೇಲೆ ಬಿಳಿ ಬೊಟ್ಟಿದ್ದ, ಬೇರೆ ಯಾರ ಕೈಗೂ ಹಾಲು ಕೊಡದ ಎಮ್ಮೆ. ಅದನ್ನೇ ಮಾರಿ ಅವಳು ಸ್ಥಿರಜ್ಯೋತಿಯ ಶೇರು ತೆಗೆದುಕೊಂಡಳು. ಯಾಕೆಂದು ನಾನು ಮುಂದೊಮ್ಮೆ ಕೇಳಿದ್ದೆ. "ಎಮ್ಮಿ ಮುದಿ ಆಗ್ತದ, ಸಾಯ್ತದ. ಕಂಪನಿ ಸಾಯೂದಿಲ್ಲ ಅಂತ ಅಂವ ಹೇಳಿದ್ದ," ಎಂದಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಚಂದ್ರಿ ಹೋದ ಗೂಟಕ್ಕೆ ಇನ್ನೊಂದು ಜೀವ, ಈ ಸಲ ಸಾಯದ್ದು.

ಆದರೆ ಆ ಮೊದಲ ದಿನ ಇದೆಲ್ಲ ನನಗೆ ಗೊತ್ತಿರಲಿಲ್ಲ. 'ಪಾಲು' ಎಂಬ ಒಂದು ಮಾತು ಕಿವಿಗೆ ಬಿದ್ದದ್ದೇ ನನ್ನ ಮೈ ಉರಿಯಿತು. ಅದಕ್ಕೆ ಕಾರಣವಿದೆ. ನಮ್ಮವ್ವ ಕಾಂತಾಬಾಯಿ ನಾನು ಸಣ್ಣವಳಿದ್ದಾಗ ಒಬ್ಬರ ಎಮ್ಮೆಯನ್ನು ಪಾಲಿಗೆ ತಂದು ಸಾಕಿದ್ದಳು. ನಾವು ಉಣ್ಣುವ ಮೊದಲು ಎಮ್ಮೆ ಉಣ್ಣುತ್ತಿತ್ತು. ಬದುವಿನ ಹುಲ್ಲು ಕೊಯ್ದು ಕೊಯ್ದು ನನ್ನ ಬೆರಳುಗಳಲ್ಲಿ ಗೆರೆ ಬಿದ್ದಿದ್ದವು. ಎಮ್ಮೆ ಗಬ್ಬವಾಗಿ, ಇನ್ನೇನು ಈಯಬೇಕು ಎನ್ನುವಾಗ ಒಡೆಯ ಬಂದು, 'ನಮ್ಮ ಮನೆಯಲ್ಲೇ ಈಯಲಿ' ಎಂದು ಬಿಚ್ಚಿಕೊಂಡು ಹೋದ. ಕರುವೂ ಇಲ್ಲ, ಅರ್ಧವೂ ಇಲ್ಲ. ಅವ್ವ ಅವನ ಮನೆಯ ಮುಂದೆ ಹೋಗಿ ನಿಂತಳು, ಯಾರೂ ಹೊರಗೆ ಬರಲಿಲ್ಲ. ನಮ್ಮ ಕೇರಿಯವರ ಮಾತಿಗೆ ಯಾರು ಹೊರಗೆ ಬರುತ್ತಾರೆ? ಅಂದಿನಿಂದ ಒಡೆಯ ಎಂಬ ಜಾತಿಯ ಮೇಲೇ ನನಗೆ ಸಿಟ್ಟು.

ಹಾಗಾಗಿ ನಾನು ಗಯಾಬಾಯಿಗೆ, "ಕಂಪನಿ ಮುಂಜಾನಿ ಚಹಾ ಕುಡದದ, ಬಿಸ್ಕಿಟ್ ತಿಂದದ್ರಿ," ಎಂದು ಕುಹಕವಾಡಿದೆ.

ಅವಳು ಗಂಭೀರವಾಗಿ ತಲೆಯಾಡಿಸಿದಳು. "ಬಿಸ್ಕಿಟಿನಾಗ ಕಸುವು ಎಲ್ಲಿಂದ ಬರಬೇಕು?" ಎಂದು ಗಂಟು ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ ತೆಗೆದು ನನಗೂ ಲಾಲ್ ಅಹ್ಮದನಿಗೂ ಬಡಿಸಿದಳು. ಆಮೇಲೆ ತಪಾಸಣೆ ಶುರುವಾಯಿತು. ತಂತಿ ಸುತ್ತುವ ಯಂತ್ರದ ಮೇಲೆ ಅಂಗೈ ಇಟ್ಟು, "ಮೈ ಬೆಚ್ಚಗ ಅದ, ಛಲೊ," ಎಂದಳು. ಸ್ಟೆಬಿಲೈಸರಿಗೆ ಕಿವಿ ಹಚ್ಚಿ ಗುಂಯ್‌ಗುಡುವುದನ್ನು ಕೇಳಿ, "ಮೆಲಕ ಹಾಕಾಕತ್ತದ," ಎಂದಳು. ಶೆಡ್ಡಿನ ಹಿಂದಕ್ಕೆ ಹೋಗಿ ನಮ್ಮ ಕಸದ ಗುಡ್ಡೆಯನ್ನು ಕೋಲಿನಿಂದ ಕೆದಕಿದಳು. ಗಿರಾಕಿಗಳು ವಾಪಸು ತಂದೆಸೆದ ಪೆಟ್ಟಿಗೆಗಳ ಸುಟ್ಟ ಕಾಯಿಲುಗಳು, ತಂತಿಯ ಸುರುಳಿಗಳು, ಅಲ್ಲಿ ಬಿದ್ದಿದ್ದವು.

"ಸಗಣಿ ಕರ್ರಗ ಬರಾಕತ್ತದ," ಎಂದು ಅವಳು ಬೇಸರ ಮಾಡಿಕೊಂಡಳು. "ಹೊಟ್ಟಿ ಕೆಟ್ಟದ. ಇಂಗು ಹಾಕ್ರಿ."

ಲಾಲ್ ಅಹ್ಮದ್ ಮಹಾ ಕಿತಾಪತಿ. "ಎಷ್ಟು ಹಾಕಲಿ ಅಮ್ಮಾ?" ಎಂದ. ಅವಳು ಚಿಟಿಕೆ ತೋರಿಸಿದಳು. ಮುಂದಿನ ವಾರ ಅವಳೇ ಇಂಗು ತಂದಳು. ಯಂತ್ರದ ಬುಡದಲ್ಲಿ ಇಟ್ಟ ಆ ಪೊಟ್ಟಣದ ವಾಸನೆ ಕಂಪನಿ ಇರುವವರೆಗೂ ಹೋಗಲಿಲ್ಲ. ಅಂದಿನಿಂದ ನಾವು ಮಾಡಿದ ಪ್ರತಿ ಸ್ಟೆಬಿಲೈಸರೂ ಸಾರಿನ ಒಗ್ಗರಣೆಯ ವಾಸನೆ ಹೊಡೆಯುತ್ತಿತ್ತು.

ಅವಳು ಬರುವ ದಿನಕ್ಕೆ ವಾರವಿಲ್ಲ, ಹೊತ್ತಿಲ್ಲ. ಪಾಲಿಗೆ ಕೊಟ್ಟವರು ಹೇಳಿ ಬರಬಾರದಂತೆ, ಹೇಳಿ ಬಂದರೆ ಸಾಕುವವರು ಅವತ್ತಷ್ಟೇ ಹೊಟ್ಟೆ ತುಂಬ ಮೇವು ಹಾಕಿ ಮೋಸ ಮಾಡುತ್ತಾರಂತೆ. ಏಕನಾಥ ಅವಳ ಹಸಿರು ಸೀರೆ ದೂರದಲ್ಲಿ ಕಂಡರೆ ಸಾಕು, ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಅವಳು ಆ ಬಾಗಿಲ ಹೊರಗೆ ನಿಂತು, "ಮಾಲಕರು ನಾಚಿಕಿ ಸ್ವಭಾವದವರು," ಎಂದು ಮೆಚ್ಚಿಕೊಳ್ಳುತ್ತಿದ್ದಳು. ಯಂತ್ರಕ್ಕೆ ದೃಷ್ಟಿಯಾಗದಿರಲೆಂದು ಕರಿ ದಾರ ಕಟ್ಟಿದಳು. ನನ್ನ ಟೈಪ್‌ರೈಟರಿಗೂ ಕಟ್ಟಿದಳು; ಅವತ್ತಿನಿಂದ 'ಕ' ಹೊಡೆದರೆ ದಾರವೂ ಜೊತೆಗೆ ಏಳುತ್ತಿತ್ತು.

ಒಂದು ದಿನ ಬಂದವಳೇ ಮೂಗರಳಿಸಿ ಸುತ್ತ ನೋಡಿ, ನನ್ನ ಕಿವಿಯ ಹತ್ತಿರ ಬಾಗಿ, ಶೆಡ್ಡಿಗೆಲ್ಲ ಕೇಳುವ ಹಾಗೆ, "ಕಂಪನಿ ಗಬ್ಬ ಅದ," ಎಂದಳು.

ನಾನು ನಗು ತಡೆದುಕೊಂಡು, "ಹ್ಯಾಂಗ ಗೊತ್ತಾಯ್ತು ಆಯಿ?" ಎಂದೆ.

"ಮಾಲಕನ ಮೇಜಿನ ಮ್ಯಾಲ ಹುಣಸಿಕಾಯಿ ಅದ. ಮೊದಲಿನಂಗ ಮಾತಾಡವಲ್ಲ. ಈಗ ಒಳಗ ಓಡೂವಾಗ ನೋಡಿದೆ, ಮುಖದಾಗ ಒಂಥರಾ ಕಳಿ ಬಂದದ."

ಹುಣಸೆಕಾಯಿ ನಾನು ತಿನ್ನಲು ಇಟ್ಟದ್ದು. ಏಕನಾಥನ ಮುಖದಲ್ಲಿದ್ದದ್ದು ಜ್ವರದ ಕಳೆ. ಆದರೆ ಸಾಮಾನಿನ ಕೋಣೆಯ ಬಾಗಿಲು ಮೆಲ್ಲಗೆ ತೆರೆಯಿತು, ಏಕನಾಥ ಬೆವರುತ್ತ ಹೊರಗೆ ಬಂದ. "ಯಾರಿಗೂ ಹೇಳಿರಲಿಲ್ಲ, ಇವರಿಗೆ ಹ್ಯಾಂಗ ಗೊತ್ತಾಯ್ತು?" ಎಂದು ನನ್ನನ್ನು ಕೇಳಿದ. ಅವನು ಬಾಗಿಲು ಹಾಕಿಕೊಂಡು ಗುಟ್ಟಾಗಿ ಹೊಸ ಮಾಲು ಒಂದನ್ನು ತಯಾರಿಸುತ್ತಿದ್ದನಂತೆ: ಇಲಿ ಓಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಮನುಷ್ಯರಿಗೆ ಕೇಳದ, ಇಲಿಗಳಿಗೆ ಮಾತ್ರ ಕೇಳುವ ಕೀರಲು ದನಿಯನ್ನು ಅದು ಹೊರಡಿಸಬೇಕಾಗಿತ್ತು. ಹೊರಡಿಸಿತು. ಎಲ್ಲರಿಗೂ ಕೇಳಿತು.

ಗಯಾಬಾಯಿಗೆ ಆದ ಸಂತೋಷ ಹೇಳತೀರದು. ಸ್ಟೆಬಿಲೈಸರು ಮೊದಲ ಕರು, ಅದು ಸಾಕಿದವರದು. ಇದು ಎರಡನೆಯದು, ಲೆಕ್ಕಕ್ಕೆ ತನ್ನದು. ಏಕನಾಥ ಇದು ಮಾದರಿ, ಮಾರುವುದಕ್ಕಲ್ಲ, ಕೊಡಲು ಬರುವುದಿಲ್ಲ ಎಂದು ಏನೇನೋ ಹೇಳಿದ. "ಕೊಡೂದಿಲ್ಲ ಅಂದ್ರ ಊರ ಪಂಚರನ್ನ ಕರಸ್ತೀನಿ," ಎಂದಳು. ಪೆಟ್ಟಿಗೆಗೆ ಕುಂಕುಮ ಹಚ್ಚಿ, ಸೆರಗಿನಲ್ಲಿ ಮುಚ್ಚಿಕೊಂಡು, ಬಸ್ಸು ಹತ್ತಿ ಘಾಟಬೋರಾಳಕ್ಕೆ ಒಯ್ದಳು.

ಎರಡು ವಾರ ಬರಲಿಲ್ಲ. ಬಂದಾಗ ಮುಖ ಅರಳಿತ್ತು. ಪೆಟ್ಟಿಗೆ ಹಚ್ಚಿದ ದಿನ ಊರಿನ ನಾಯಿಗಳೆಲ್ಲ ಅವಳ ಅಂಗಳದಲ್ಲಿ ಸೇರಿ ಕೂಗಿದವಂತೆ, ಗಂಡ ತುಳಜಾರಾಮ ಹಾಸಿಗೆ ಎತ್ತಿಕೊಂಡು ಹೊಲಕ್ಕೆ ಹೋದನಂತೆ. ಇಲಿಗಳೋ, ಪೆಟ್ಟಿಗೆಯ ಒಳಗೆ ಬೆಚ್ಚಗಿದೆಯೆಂದು ಅಲ್ಲೇ ಗೂಡು ಮಾಡಿದವಂತೆ.

"ತಂಗಿ," ಎಂದಳು, "ಕರ ಮರಿ ಹಾಕೇದ."

ಲಾಲ್ ಅಹ್ಮದ್ ಯಂತ್ರ ನಿಲ್ಲಿಸಿ ಹೊರಗೆ ಹೋಗಿ ಗೋಡೆಗೆ ತಲೆ ಹಚ್ಚಿ ನಕ್ಕ. ನಾನೂ ನಕ್ಕೆ. ಗಯಾಬಾಯಿಗೆ ನಾವು ಅವಳ ಸಂತೋಷದಲ್ಲಿ ಪಾಲ್ಗೊಂಡಂತೆ ಕಂಡಿರಬೇಕು, ಅವಳೂ ನಕ್ಕಳು. ಆ ದಿನ ಅವಳ ಮೇಲಿನ ನನ್ನ ಸಿಟ್ಟು ಅರ್ಧಕ್ಕೆ ಇಳಿಯಿತು. ಇನ್ನರ್ಧವನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಎಷ್ಟಾದರೂ ಒಡೆಯಳು, ಹೊತ್ತು ಬಂದಾಗ ಹಗ್ಗ ಬಿಚ್ಚದೆ ಇರುತ್ತಾಳೆಯೆ?

ಆ ಹೊತ್ತು ಬರತೊಡಗಿತು. ಹೈದರಾಬಾದಿನಿಂದ ತಾಮ್ರದ ತಂತಿ ಬರುವುದು ನಿಂತಿತು. ಸಂಬಳವೂ ನಿಂತಿತು. ಲಾಲ್ ಅಹ್ಮದ್ ಸುಟ್ಟ ಕಾಯಿಲುಗಳ ತಂತಿ ಬಿಚ್ಚಿ, ನೇರ ಮಾಡಿ, ಮತ್ತೆ ಸುತ್ತುತ್ತ ಕೂರುತ್ತಿದ್ದ. ನಾನು ದಿನಾ ಬಂದು ಬಾಗಿಲು ತೆಗೆದು, ಕಸ ಹೊಡೆದು, ಬಾರದ ಪತ್ರಗಳಿಗೆ ಕಾಯುತ್ತಿದ್ದೆ. ಸಂಬಳವಿಲ್ಲದೆ ಯಾಕೆ ಬರುತ್ತೀ ಎಂದು ಜನ ಕೇಳುತ್ತಿದ್ದರು. ನಮ್ಮ ಕೇರಿಯಿಂದ ಟೈಪಿಂಗ್ ಕಲಿತು ಕುರ್ಚಿಯಲ್ಲಿ ಕೂತವಳು ನಾನೇ ಮೊದಲು, ಆ ಕುರ್ಚಿ ಬಿಟ್ಟೇಳಲು ಮನಸ್ಸಾಗುತ್ತಿರಲಿಲ್ಲ. ಮನೆಯಲ್ಲಿ ಕೂತರೆ ಮದುವೆ ಮಾಡಿಬಿಡುತ್ತಾರೆಂಬ ಭಯವೂ ಇತ್ತು ಅನ್ನಿ.

ಗಯಾಬಾಯಿ ಬಂದು ಯಂತ್ರ ಮುಟ್ಟಿದಳು. "ಮೈ ತಣ್ಣಗ ಆಗ್ಯದ," ಎಂದಳು. ಮುಂದಿನ ಸಲದಿಂದ ಅವಳ ರೊಟ್ಟಿಯ ಗಂಟು ದೊಡ್ಡದಾಯಿತು.

ಕೊನೆಗೆ ನಾನೇ ನೋಟೀಸು ಟೈಪ್ ಮಾಡಿದೆ. ಶೇರುದಾರರ ಸಭೆ, ಬಸವಕಲ್ಯಾಣದಲ್ಲಿ, ಗುಂಡಪ್ಪನವರ ಮನೆಯ ಪಡಸಾಲೆಯಲ್ಲಿ. ವಿಷಯ: ಕಂಪನಿ ಮುಚ್ಚುವುದು, ಯಂತ್ರಗಳನ್ನು ಹೈದರಾಬಾದಿನ ಗುಜರಿಯವನಿಗೆ ಕೊಡುವುದು. ಗಯಾಬಾಯಿಗೆ ಓದು ಬರುವುದಿಲ್ಲವೆಂದು ಅವಳು ಬಂದಾಗ ಬಾಯಲ್ಲೇ ಹೇಳಿದೆ. ಗುಜರಿಯವನು ಏನು ಮಾಡುತ್ತಾನೆಂದು ಕೇಳಿದಳು.

"ಒಡದು, ತಾಮ್ರ ಬ್ಯಾರೆ, ಕಬ್ಬಿಣ ಬ್ಯಾರೆ ಮಾಡಿ ತೂಕಕ್ಕ ಮಾರ್ತಾನ್ರಿ," ಎಂದ ಲಾಲ್ ಅಹ್ಮದ್.

ಅವಳ ಮುಖ ಬಾಡಿಹೋಯಿತು. ನನಗೆ ನಿಜಕ್ಕೂ ಕೆಡುಕೆನಿಸಿತು. ಚಂದ್ರಿಯನ್ನು ಮಾರುವಾಗ ಸಾಕುವವರಿಗೇ ಕೊಡಬೇಕು, ಕಡಿಯುವವರಿಗೆ ಅಲ್ಲ ಎಂದು ಬಾಜಾರಿನಲ್ಲಿ ಇಡೀ ದಿನ ಗಿರಾಕಿಗಳನ್ನು ಹಿಂದಕ್ಕೆ ಕಳಿಸಿದವಳು ಅವಳು. ಈಗ ಚಂದ್ರಿಯ ಬದಲಿಗೆ ಬಂದದ್ದೇ ಕಸಾಯಿಯ ಕಡೆ ಹೊರಟಿತ್ತು.

ಸಭೆಯ ದಿನ ಪಡಸಾಲೆಯಲ್ಲಿ ಬಸವಕಲ್ಯಾಣದ ಶೇರುದಾರರು ಚುರುಮುರಿಯ ಸುಶೀಲಾ ತಿಂದು, ಚಹಾ ಕುಡಿದು, ಬೇಗ ಮುಗಿಸಿ ಏಳಬೇಕೆಂದು ಕೂತಿದ್ದರು. ಗಯಾಬಾಯಿ ಒಂದು ಹೊಸ ಹಗ್ಗ ಹಿಡಿದು ಒಳಗೆ ಬಂದಳು. ಹೊಸ ಎಮ್ಮೆ ತರುವಾಗ ಒಯ್ಯುತ್ತಾರಲ್ಲ, ಅರಿಶಿನ ಹಚ್ಚಿದ್ದು, ಅಂಥದ್ದು. ಅದನ್ನು ನಾನು ಬರೆಯುತ್ತಿದ್ದ ಪುಸ್ತಕದ ಮೇಲೆಯೇ ಇಟ್ಟಳು.

ಗುಂಡಪ್ಪ ಹೌಹಾರಿ ನೋಡಿದರು. "ಬಾಯಿ, ಇದು ಎದಕ್ಕರಿ ಹಗ್ಗ?"

"ಕಂಪನಿ ಮನಿಗಿ ಒಯ್ಯಾಕ."

ಪಡಸಾಲೆಯೆಲ್ಲ ನಕ್ಕಿತು. ಒಬ್ಬರ ಬಾಯಲ್ಲಿದ್ದ ಚಹಾ ಮುಂದೆ ಕೂತವರ ಟೋಪಿಗೆ ಹಾರಿತು. ಗಯಾಬಾಯಿ ನಗು ಮುಗಿಯುವವರೆಗೆ ಕಾದಳು.

"ನಗ್ರಿ. ನಕ್ಕ ಮ್ಯಾಲ ಹೇಳ್ರಿ. ಸಾಕೂದು ನಿಮಗ ಆಗ್ತದೊ ಇಲ್ಲೊ?"

ಏಕನಾಥ ತಲೆ ತಗ್ಗಿಸಿದ. "ಆಗವಲ್ದು ಬಾಯಿ," ಎಂದ. ಅವನ ಕಣ್ಣಲ್ಲಿ ನೀರಿತ್ತು, ಅವತ್ತು ಟೈ ಕಟ್ಟಿರಲಿಲ್ಲ.

"ಆಗೂದಿಲ್ಲ ಅಂದ್ರ ಒಡೆಯರು ಬಂದು ಒಯ್ಯಬೇಕು. ಕಸಾಯಿಗಿ ಕೊಡಬಾರದು. ಇದು ನಮ್ಮ ಕಡಿ ರಿವಾಜು."

"ನಾವೂ ಒಡೆಯರ ಅಲ್ಲೇನ್ರಿ?" ಎಂದರು ಟೋಪಿಯವರು, ಒರೆಸಿಕೊಳ್ಳುತ್ತ.

"ಹೌದ್ರಿ, ನೀವೂ ಒಡೆಯರ. ಹಂಗಾದ್ರ ಪಾಳಿ ಹಚ್ಚೋಣ. ಒಂದೊಂದು ವಾರ ಒಬ್ಬೊಬ್ಬರ ಮನ್ಯಾಗ ಕಟ್ಟೋಣ. ಈ ವಾರ ನಿಮ್ಮ ಮನ್ಯಾಗ ಇರಲಿ. ಮೇವು ತಯಾರಿ ಇಟ್ಟೀರಿ?"

ಟೋಪಿಯವರು ಮತ್ತೆ ಟೋಪಿ ಒರೆಸತೊಡಗಿದರು. ಗುಂಡಪ್ಪನವರಿಗೆ ಒಳಗೊಳಗೆ ಖುಷಿ. ಗುಜರಿಯವನು ಲಾರಿ ಬಾಡಿಗೆ ನೀವೇ ಕೊಡಬೇಕೆಂದು ಹಟ ಹಿಡಿದಿದ್ದ, ಶೆಡ್ಡಿನವನು ಬಾಡಿಗೆಗಾಗಿ ಬಾಗಿಲಿಗೆ ಬಂದು ಕೂತಿದ್ದ. ಈ ಗಯಾಬಾಯಿ ಯಂತ್ರ ಎತ್ತಿಕೊಂಡು ಹೋದರೆ ಎರಡು ತಲೆನೋವೂ ಒಂದೇ ಬಂಡಿಯಲ್ಲಿ ಹೋದಂತೆ. ಎಲ್ಲರೂ ಕೈ ಎತ್ತಿದರು. ನಾನು ಹಗ್ಗ ಸರಿಸಿ ಠರಾವು ಬರೆದೆ: 'ಕಂಪನಿಯ ಕಾರ್ಯಸ್ಥಾನವನ್ನು ಘಾಟಬೋರಾಳದ ಶೇರುದಾರರಾದ ಶ್ರೀಮತಿ ಗಯಾಬಾಯಿಯವರ ದನದ ಕೊಟ್ಟಿಗೆಗೆ ಸ್ಥಳಾಂತರಿಸಲು ಸರ್ವಾನುಮತದಿಂದ ನಿರ್ಧರಿಸಲಾಯಿತು.' ನನ್ನ ಗುಮಾಸ್ತಿಕೆಯಲ್ಲಿ ಇಷ್ಟು ಚೆಂದದ ಇನ್ನೊಂದು ವಾಕ್ಯ ಬರೆಯುವ ಯೋಗ ಬರಲಿಲ್ಲ.

ಮರುದಿನ ತುಳಜಾರಾಮ ಎತ್ತಿನ ಬಂಡಿ ಕಟ್ಟಿಕೊಂಡು ಹುಮನಾಬಾದಿಗೆ ಬಂದ. ಮಾತು ಕಡಿಮೆಯ ಮನುಷ್ಯ. ಹೆಂಡತಿ ಆಡುವುದು ಇಬ್ಬರಿಗೂ ಸಾಕಾಗುತ್ತದೆಂದು ಸುಮ್ಮನಿದ್ದವನು. ತಂತಿ ಸುತ್ತುವ ಯಂತ್ರ, ಟೈಪ್‌ರೈಟರು, ಬೋರ್ಡು, ಇಂಗಿನ ಪೊಟ್ಟಣ ಎಲ್ಲವನ್ನೂ ಬಂಡಿಗೆ ಹೇರಿದೆವು. ಇನ್ನೇನು ಹೊರಡಬೇಕು, ಗಯಾಬಾಯಿ ಹಗ್ಗದ ಒಂದು ತುದಿಯನ್ನು ಯಂತ್ರಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ಬಂಡಿಯ ಹಿಂದೆ ನಡೆಯತೊಡಗಿದಳು. ಬಂಡಿ ಹತ್ತು ಎಂದರೆ ಹತ್ತಲಿಲ್ಲ. ವಾಪಸು ತರುವ ದನವನ್ನು ಒಡೆಯರು ಕೈಯಾರೆ ನಡೆಸಿಕೊಂಡು ಬರಬೇಕಂತೆ. ದನ ಬಂಡಿಯೊಳಗೆ ಕೂತು ಮುಂದೆ ಹೋಗುತ್ತಿತ್ತು, ಒಡೆಯಳು ಅದರ ಹಿಂದೆ ನಡೆಯುತ್ತಿದ್ದಳು. ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಹೆದ್ದಾರಿಯ ಲಾರಿಯವರು ನಿಂತು ನಿಂತು ನೋಡಿದರು. ನಾಕಾದ ಪೊಲೀಸಪ್ಪ ತಡೆದು, "ಏನದು?" ಎಂದು ಕೇಳಿದ.

"ಕಂಪನಿ," ಎಂದ ತುಳಜಾರಾಮ. ಆ ದಿನ ಅವನು ಆಡಿದ್ದು ಅದೊಂದೇ ಮಾತು. ಪೊಲೀಸಪ್ಪ ಬಿಟ್ಟುಬಿಟ್ಟ.

ಘಾಟಬೋರಾಳದಲ್ಲಿ ಯಂತ್ರವನ್ನು ಚಂದ್ರಿಯ ಗೂಟದ ಹತ್ತಿರ ಇಳಿಸಿದೆವು. ಗಯಾಬಾಯಿ ಆರತಿ ಮಾಡಿ, ಅದರ ಮುಂದೆ ಒಂದು ಹಿಡಿ ಹಸಿ ಹುಲ್ಲು ಇಟ್ಟಳು. ನನ್ನ ಮೇಜು ಗೋದಲಿಯ ಪಕ್ಕ. ಕೊಂಬು ತಾಗದ ಹಾಗೆ ಕೂತು ಟೈಪ್ ಮಾಡಬೇಕು, ಪಕ್ಕದ ಎತ್ತು ಕಾರ್ಬನ್ ಹಾಳೆ ತಿನ್ನದ ಹಾಗೆ ನೋಡಿಕೊಳ್ಳಬೇಕು. ಎರಡು ಸಲ ತಿಂದಿತು. ಸಗಣಿ ಕರ್ರಗೆ ಬಂದಾಗ ಈ ಸಲ ಗಯಾಬಾಯಿಗೆ ಕಾರಣ ತಿಳಿಯಲಿಲ್ಲ, ನಾನೂ ಹೇಳಲಿಲ್ಲ.

ಕಂಪನಿ ಬದುಕಿದ್ದು ಗಯಾಬಾಯಿಯ ಜಾಣತನದಿಂದ ಎಂದು ಈಗ ಊರವರು ಹೇಳುತ್ತಾರೆ. ಸುಳ್ಳು. ಕೊಟ್ಟಿಗೆಯಲ್ಲಿ ಕಂಪನಿ ಕಟ್ಟಿದ್ದಾರಂತೆ ಎಂದು ನಗಲು ಬಂದ ರೈತನೊಬ್ಬ ಲಾಲ್ ಅಹ್ಮದ್ ತಂತಿ ಸುತ್ತುವುದನ್ನು ನೋಡಿ, "ನಮ್ಮ ಬಾವಿ ಮೋಟಾರದಾಗೂ ಇಂಥದ ಸುಟ್ಟದಲ್ಲ," ಎಂದ. ಕರೆಂಟಿನ ಏರಿಳಿತಕ್ಕೆ ಸುತ್ತಲಿನ ಊರುಗಳಲ್ಲಿ ಬಾವಿಯ ಮೋಟಾರುಗಳು ಸುಡುತ್ತಲೇ ಇದ್ದವು, ರಿಪೇರಿಗೆ ಎಲ್ಲರೂ ದೂರ ಹೋಗಬೇಕಿತ್ತು. ಲಾಲ್ ಅಹ್ಮದ್ ಅದನ್ನು ತರಿಸಿ ಬಿಚ್ಚಿ ಕೂತ. ಗಯಾಬಾಯಿ ವಿರೋಧ ಮಾಡಿದಳು. "ಮಂದಿ ದನ ತಂದು ನಮ್ಮ ಮೇವು ತಿನಸ್ತೀಯೇನು?" ಎಂದು ಎರಡು ದಿನ ಅವನಿಗೆ ರೊಟ್ಟಿ ಕೊಡಲಿಲ್ಲ. ಮೋಟಾರು ತಿರುಗಿ, ರೈತ ಹಣ ಎಣಿಸಿ, ಮರುದಿನ ಇನ್ನೊಬ್ಬ ಮೋಟಾರು ಹೊತ್ತು ಬಂದಾಗ ಅವಳು ಬಾಗಿಲಲ್ಲಿ ನಿಂತು, "ನಾ ಹೇಳಿದ್ದೆ," ಎಂದಳು. ನಾವ್ಯಾರೂ ಎದುರಾಡಲಿಲ್ಲ, ರೊಟ್ಟಿ ಬೇಕಿತ್ತು.

ಕೊಟ್ಟಿಗೆಯ ಮೊದಲ ಗಳಿಕೆಯನ್ನು ಅವಳು ಪೂರಾ ಲಾಲ್ ಅಹ್ಮದನ ಕೈಗೆ ಹಾಕಿದಳು. "ಮೊದಲ ಕರ ನಿಂದು," ಎಂದಳು. ಆಮೇಲೆ ನನ್ನನ್ನು ಗೋದಲಿಯ ಹತ್ತಿರ ಕರೆದಳು. ಟ್ರಂಕಿನಿಂದ ಶೇರು ಪತ್ರ ತಂದಿದ್ದಳು, ಕೈಯಲ್ಲಿ ಎಮ್ಮೆಯ ಬಾಲದ ಕೂದಲು ಕತ್ತರಿಸುವ ಕತ್ತರಿ. ನಾನು ಏನೆಂದು ಕೇಳುವ ಮೊದಲೇ ಪತ್ರವನ್ನು ನಡುವೆ ಅಡ್ಡಕ್ಕೆ ಕತ್ತರಿಸಿ ಎರಡು ಮಾಡಿದಳು. ಒಂದು ತುಂಡನ್ನು ನನ್ನ ಕೈಯಲ್ಲಿಟ್ಟಳು.

"ಇದು ಎದಕ್ಕ ಆಯಿ?"

"ಪಗಾರ ಇಲ್ಲದ ದಿನಾ ಬಂದು, ಬಾಗಲ ತಗದು, ಕಸ ಹೊಡದು, ಅದರ ಮುಂದ ಕುಂತಾಕಿ ಯಾರು? ಸಾಕಿದಾಕಿ ನೀನ. ಅರ್ಧ ನಿಂದು. ರಿವಾಜು ಅದ."

ಹರಿದ, ಕತ್ತರಿಸಿದ ಪತ್ರ ಸಲ್ಲುವುದಿಲ್ಲ ಎಂದು ಅದರ ಬೆನ್ನ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಆ ಸಾಲು ಟೈಪ್ ಮಾಡಿ ಅಚ್ಚಿಗೆ ಕಳಿಸಿದವಳೇ ನಾನು. ಒಂದು ಕತ್ತರಿ ಏಟಿಗೆ ಅವಳ ಅರ್ಧವೂ ಹೋಯಿತು, ನನ್ನ ಅರ್ಧವೂ ಹೋಯಿತು. ಚಂದ್ರಿಯ ಬೆಲೆಯ ಕಾಗದ ಎರಡು ಚೂರು ರದ್ದಿಯಾಗಿತ್ತು. ಅದನ್ನು ಹೇಳಲಿಲ್ಲ. ಸುಮ್ಮನೆ ಅವಳ ಕಾಲಿಗೆ ಬಿದ್ದೆ. ಅವಳು ಗಾಬರಿಯಾಗಿ, "ಸಗಣಿ ಅದ, ಏಳ," ಎಂದು ಎಬ್ಬಿಸಿದಳು.

ಸಂಜೆ ಮನೆಗೆ ಬಂದು ಆ ತುಂಡನ್ನು ಅವ್ವನ ಕೈಗೆ ಕೊಟ್ಟೆ, ನಡೆದದ್ದೆಲ್ಲ ಹೇಳಿದೆ. ಅವ್ವ ಕೈ ಒರೆಸಿಕೊಂಡು, ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಡೆಯರ ಮೇಲೆ ನನಗಿದ್ದ ಸಿಟ್ಟು ಅವಳಿಂದ ಬಂದದ್ದೇ, ಅಷ್ಟು ಬೇಗ ನಂಬುವವಳಲ್ಲ.

"ಯಾವ ಕಡಿ ಅರ್ಧ ಕೊಟ್ಟಾಳ?" ಎಂದಳು. "ಮುಂದಿನ ಅರ್ಧಕ್ಕ ಬಾಯಿ ಇರ್ತದ, ಹಿಂದಿನ ಅರ್ಧಕ್ಕ ಕೆಚ್ಚಲ ಇರ್ತದ. ಒಡೆಯರು ಅರ್ಧ ಕೊಟ್ಟರ ಮುಂದಿಂದ ಕೊಡ್ತಾರ. ಮೇವು ನಾವ ಹಾಕಬೇಕು, ಹಾಲು ಅವರು ಹಿಂಡಬೇಕು."

ನಾನು ನೋಡಿದೆ. ಕಂಪನಿಯ ಹೆಸರು, ದೊಡ್ಡ ಅಕ್ಷರ, ಮೇಲಿನ ಬಳ್ಳಿಯ ಚಿತ್ತಾರ ನನ್ನ ತುಂಡಿನಲ್ಲಿ ಇರಲಿಲ್ಲ. ಅವು ಗಯಾಬಾಯಿಯ ಹತ್ತಿರ ಉಳಿದಿದ್ದವು. ನನ್ನದರಲ್ಲಿ ಇದ್ದದ್ದು ಕೆಳಗಿನ ರುಜು, ಮೊಹರು.

"ಹಿಂದಿಂದು, ಅವ್ವ," ಎಂದೆ.

ಅವ್ವ ಕಾಗದವನ್ನು ಬುದ್ಧನ ಪಟದ ಹಿಂದೆ ಇಟ್ಟು ಒಲೆಯ ಮುಂದೆ ಹೋಗಿ ಕೂತಳು. ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಬಾಗಿಲಲ್ಲಿ ಹಸಿ ಹುಲ್ಲಿನ ಒಂದು ಹೊರೆ ಇತ್ತು. ಅವ್ವ ಆಗಲೇ ಬದುವಿಗೆ ಹೋಗಿ ಕೊಯ್ದು ಬಂದಿದ್ದಳು, ಸೀರೆಯ ಅಂಚು ಇಬ್ಬನಿಗೆ ತೊಯ್ದಿತ್ತು.

"ಒಯ್ದು ಕೊಡು," ಎಂದಳು. "ಮೇವು ಅಕಿ ಒಬ್ಬಾಕಿನ ಯಾಕ ಹಾಕಬೇಕು."

ಬಸ್ಸಿನಲ್ಲಿ ಕಂಡಕ್ಟರ ಹೊರೆ ನೋಡಿ, ಲಗೇಜು ತಗೊಳ್ಳಬೇಕು, ಯಾವ ದನಕ್ಕೆ ಇದು ಎಂದು ಕೇಳಿದ.

"ನಮ್ಮ ಕಂಪನಿಗಿ," ಎಂದು ಹೇಳಿ ನಾನು ಲಗೇಜಿನ ಚೀಟಿ ತೆಗೆದುಕೊಂಡೆ.